ದಾಳಿಂಬೆಗೆ ಕಟ್ಟಿದ ಸಂಚಿ

ನಮ್ಮ ಮನೆಯಲ್ಲಿ ಹಣ್ಣನ್ನು ಇಡಿಯಾಗಿ ಬಾಯಿಗಿಡುವ ರೂಢಿ ಇರಲಿಲ್ಲ. ಪೇರಲವಾಗಲಿ, ಮಾವಾಗಲಿ, ಹಿತ್ತಿಲ ಬಾರಿಹಣ್ಣಾಗಲಿ, ಮೊದಲು ಅದು ಆಯಿಯ ಕೈಗೆ ಹೋಗಬೇಕು. ಆಯಿ ಎಂದರೆ ನನ್ನ ಅಪ್ಪನ ತಾಯಿ. ಅವಳು ಹಣ್ಣನ್ನು ಮೂಸುವಳು, ಹೆಬ್ಬೆರಳಿನಿಂದ ಸುತ್ತಲೂ ಒತ್ತುವಳು, ತೊಟ್ಟು ಕಿತ್ತು ಅದರ ಬುಡದಲ್ಲಿ ಇಣುಕುವಳು. ಆಮೇಲೆ ಈಳಿಗೆಯ ಮೇಲೆ ಹೋಳು ಮಾಡಿ, ಒಳಗೆ ಹುಳವಿಲ್ಲವೆಂದು ಖಾತ್ರಿಯಾದ ಮೇಲೆ ನಮಗೆ ಕೊಡುವಳು. ಅಷ್ಟು ಹೊತ್ತಿಗೆ ಬಾಯಲ್ಲಿ ಬಂದ ನೀರು ಬಾಯಲ್ಲೇ ಆರಿಹೋಗಿರುತ್ತಿತ್ತು. ಹುಳ ಸಿಕ್ಕರೆ ಅವಳ ಮುಖದಲ್ಲಿ ಒಂದು ತರದ ಸಮಾಧಾನ ಕಾಣುತ್ತಿತ್ತು. ಹುಳ ಸಿಗದ ದಿನ, ಈ ಹಣ್ಣು ತನ್ನ ಕಣ್ಣಿಗೆ ಮಣ್ಣೆರಚಿತೇನೋ ಎಂಬಂತೆ ಹೋಳುಗಳನ್ನು ಇನ್ನೊಮ್ಮೆ ತಿರುವಿ ನೋಡುವಳು. ನಾನು ಇವತ್ತಿಗೂ ಯಾರ ಮನೆಗೆ ಹೋದರೂ, ಕೈಗೆ ಕೊಟ್ಟ ಹಣ್ಣನ್ನು ಮಾತಾಡುತ್ತ ಮಾತಾಡುತ್ತ ಮೂಗಿನ ಹತ್ತಿರ ಒಯ್ಯುತ್ತೇನೆ. ಅದು ಬೇರೆಯವರಿಗೆ ಅವಮಾನವೆಂದು ನನ್ನ ಮಗಳು ಕಣ್ಣು ಬಿಟ್ಟು ಗದರಿಸುತ್ತಾಳೆ. ಏನು ಮಾಡಲಿ, ಕೈ ಕಲಿತದ್ದು ಆ ಮನೆಯಲ್ಲಿ.

ಆಯಿ ಕೆಟ್ಟವಳಲ್ಲ. ಹಸಿದವರು ಯಾರೇ ಬರಲಿ, ಬಿಸಿ ರೊಟ್ಟಿ ಹಾಕದೆ ಕಳಿಸಿದವಳಲ್ಲ. ಆದರೆ ಅವರು ರೊಟ್ಟಿ ತಿನ್ನುತ್ತಿರುವಾಗ, ಇವರು ಬಂದ ಕೆಲಸ ಬೇರೆ ಏನೋ ಇದೆ ಎಂದು ಒಲೆಯ ಮುಂದೆ ಕೂತು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದಳು. ಗಿರಣಿಯಿಂದ ಬಂದ ಹಿಟ್ಟನ್ನು ನಾಲಿಗೆಯ ಮೇಲಿಟ್ಟುಕೊಂಡು, ಇದರಲ್ಲಿ ನಮಗಿಂತ ಮುಂದೆ ಬೀಸಿಸಿಕೊಂಡವರ ಸಜ್ಜೆ ಸೇರಿದೆ ಎನ್ನುವಳು. ದರ್ಜಿ ನನ್ನ ಲಂಗ ಹೊಲಿದು ಕೊಟ್ಟರೆ, ಉಳಿದ ತುಂಡು ಎಲ್ಲಿ ಎಂದು ಕೇಳಿ ಕಳಿಸುವಳು. ಒಂದು ದಿನ ಅವಳ ಕಾಲು ಒತ್ತುತ್ತ ನಾನು ಕೇಳಿದ್ದೆ.

"ಆಯಿ, ಎಲ್ಲಾರ ಮ್ಯಾಲೂ ಯಾಕ ಸಂಶೇ ನಿನಗ?"

"ಸಂಶೇ ಅಲ್ಲಬೇ ಅದು. ನೋಡಿ ಇಡೂದು. ನಿಮ್ಮವ್ವ ಕಡ್ಲಿಬ್ಯಾಳಿ ಡಬ್ಬಿ ಮುಚ್ಚಿಟ್ಟು ತವರಮನಿಗೆ ಹೋಗಿದ್ಲಲ್ಲ, ತಿರುಗಿ ಬರೂದ್ರಾಗ ಏನಾಗಿತ್ತು? ಬುಗುಬುಗು ಹುಳಾ. ಮುಚ್ಚಿಟ್ಟಲ್ಲೇ ಹುಳಾ ಹುಟ್ಟೂದು. ಗಾಳಿ ಆಡಬೇಕು, ಬಿಸಲ ಕಾಣಬೇಕು."

ಇದು ಅವಳ ಶಾಸ್ತ್ರ. ಆದ್ದರಿಂದ ನಮ್ಮ ಮನೆಯಲ್ಲಿ ಯಾವುದೂ ಬಹಳ ದಿನ ಮುಚ್ಚಿಕೊಂಡು ಇರುತ್ತಿರಲಿಲ್ಲ. ಬೇಳೆ, ಹುಣಸೆಹಣ್ಣು, ಶೇಂಗಾ, ಕೌದಿ, ಅಜ್ಜನ ರುಮಾಲು, ಎಲ್ಲವೂ ಸರತಿಯ ಪ್ರಕಾರ ಮಾಳಿಗೆಯ ಬಿಸಿಲಿಗೆ ಹತ್ತಿ ಇಳಿಯುತ್ತಿದ್ದವು. ಇಳಿದ ಮೇಲೆ ಹಳೆಯ ಅರಿವೆಗಳಲ್ಲಿ ಗಂಟಾಗಿ ನಡುಮನೆಯ ಕತ್ತಲಲ್ಲಿ ಸಾಲಾಗಿ ಕೂಡುತ್ತಿದ್ದವು. ಆ ಗಂಟುಗಳನ್ನು ಕಟ್ಟುವುದೂ ಆಯಿಯೇ, ಬಿಚ್ಚುವುದೂ ಆಯಿಯೇ. ಅವಳು ದಾರವನ್ನು ಸುತ್ತಿ, ಅದರ ಕೆಳಗಿಂದ ತುದಿ ತೂರಿಸಿ, ಆ ತುದಿಯನ್ನು ಹಲ್ಲಿನಲ್ಲಿ ಹಿಡಿದು ತಲೆಯನ್ನು ಹಿಂದಕ್ಕೆ ಜಗ್ಗಿದಳೆಂದರೆ ಅದು ಗಂಟಲ್ಲ, ಗಾರೆ. ಅಪ್ಪ ಕಿತ್ತೂರಿನ ಸಾಲೆಯಲ್ಲಿ ಮಾಸ್ತರ, ಅಲ್ಲೇ ಇದ್ದು ಆದಿತ್ಯವಾರಕ್ಕೊಮ್ಮೆ ಬರುತ್ತಿದ್ದವನು, ಒಮ್ಮೆ ಶೇಂಗಾ ತಿನ್ನುವ ಆಸೆಗೆ ಆ ಗಂಟಿನ ಜೊತೆ ಮಧ್ಯಾಹ್ನವೆಲ್ಲ ಗುದ್ದಾಡಿ ಉಗುರು ಮುರಿದುಕೊಂಡಿದ್ದ. ಕತ್ತರಿ ಹಾಕುವಂತಿರಲಿಲ್ಲ. ಕಟ್ಟಿದ ದಾರ ಕತ್ತರಿಸಿದರೆ ಮನೆಯಲ್ಲಿ ಮನಸ್ಸುಗಳು ಮುರಿಯುತ್ತವೆ ಎಂದು ಆಯಿಯ ಕಟ್ಟಪ್ಪಣೆ. ಆದರೆ ಅವಳ ಕೈಗೆ ಕೊಟ್ಟರೆ, ಎಲ್ಲೋ ಒಂದು ಎಳೆಯನ್ನು ಉಗುರಿನಿಂದ ಎತ್ತಿ ಹಗುರಾಗಿ ಜಗ್ಗುವಳು. ಗಂಟು ತಾನೇ ಬಾಯಿ ಬಿಡುತ್ತಿತ್ತು. ಹೀಗಾಗಿ ನಮ್ಮ ಮನೆಯಲ್ಲಿ ಬೆಳಗಾದರೆ ಕೇಳಿಬರುವ ಮೊದಲ ಮಾತು ದೇವರ ಹೆಸರಲ್ಲ, ನಮ್ಮವ್ವ ಬಾಗಿಲಲ್ಲಿ ನಿಂತು ಹೇಳುವ ಮಾತು:

"ಅತ್ತಿ, ಬ್ಯಾಳಿ ಗಂಟ ಬಿಚ್ಚಿ ಕೊಡ್ರಿ."

ನಮ್ಮದು ತೋಟದ ಮನೆ. ಯರಗಟ್ಟಿಯಿಂದ ಒಂದಿಷ್ಟು ದೂರ, ಕರಿ ಹೊಲಗಳ ನಡುವೆ ಕೆಂಪು ಮಣ್ಣಿನ ಒಂದು ದಿನ್ನೆ, ಅದರ ಮೇಲೆ ಮಣ್ಣಿನ ಮಾಳಿಗೆಯ ಮನೆ, ಮನೆಯ ಸುತ್ತ ದಾಳಿಂಬೆ ಗಿಡ. ಪಡಸಾಲೆಯ ಕಿಟಕಿಯಿಂದ ಕೈ ಚಾಚಿದರೆ ಟೊಂಗೆ ಸಿಗುತ್ತಿತ್ತು. ಗಿಡಗಳ ನಡುವೆಯೇ ಬಾವಿ. ಕುಡಿಯುವ ನೀರೂ ಅದೇ, ಗಿಡಕ್ಕೆ ಹಾಯಿಸುವ ನೀರೂ ಅದೇ. ಗಿಡಗಳನ್ನು ಹಚ್ಚಿದವನು ಅಜ್ಜ. ಮಾತು ಕಡಿಮೆ, ಕಿವಿ ಮಾತ್ರ ಬಹಳ ಚುರುಕು. ಗಿಡಕ್ಕೆ ಹೂ ಬಂದಾಗ ಆ ಮುದುಕ ಮಗ್ಗುಲಾಗಿ ಮಲಗಲೂ ಯೋಚನೆ ಮಾಡುತ್ತಿದ್ದ, ಒಂದು ಕಿವಿ ಮುಚ್ಚಿದರೆ ಉದುರುವ ಹೂವಿನ ಸಪ್ಪಳ ತಪ್ಪೀತು ಎಂದು. ಆದರೆ ಹೂ ಕಾಯಾಗಿ, ಕಾಯಿ ನಿಂಬೆಯಷ್ಟಾಗುವ ಹೊತ್ತಿಗೆ ಹುಳ ಬರುತ್ತಿತ್ತು. ಹೊರಗಿನಿಂದ ಹಣ್ಣು ಕೆಂಪಗೆ ಗುಂಡಗೆ ಚೆಂದ. ಮೂಸಿದರೆ ಹೊಲಸು ವಾಸನೆ. ಎಲ್ಲಾದರೂ ಒಂದು ಸಣ್ಣ ತೂತು, ತೂತಿಗೆ ಹುಳದ ಹೇಲೇ ಬಿರಡೆ. ಒಳಗೆ ಕಾಳೆಲ್ಲ ಕರ್ರಗೆ ಕೊಳೆತ ರೊಜ್ಜು. ಒಮ್ಮೆ ಅಜ್ಜ ನನ್ನನ್ನು ಎತ್ತಿ ತೊಟ್ಟಿನ ಹತ್ತಿರ ತೋರಿಸಿದ. ತೊಟ್ಟಿಗೂ ಟೊಂಗೆಗೂ ಸುತ್ತಿದ ಜೇಡರ ಬಲೆಯಂಥ ಎಳೆಗಳು. ಹಣ್ಣು ಕೊಳೆತು ಬಿದ್ದುಹೋಗಬಾರದೆಂದು ಹುಳವೇ ಹೊರಗೆ ಬಂದು ಅದನ್ನು ಗಿಡಕ್ಕೆ ಕಟ್ಟಿ ಮತ್ತೆ ಒಳಗೆ ಹೋಗುತ್ತದಂತೆ.

"ನೋಡಿದೇನ? ಉಂಡ ಮನಿ ಬೀಳಬಾರದಂತ ತೊಲಿ ಕಟ್ಟತೈತಿ," ಎಂದ ಅಜ್ಜ. ಅವನ ದನಿಯಲ್ಲಿ ಸಿಟ್ಟಿಗಿಂತ ಬೆರಗೇ ಹೆಚ್ಚಿತ್ತು.

ಬಸು ಕಾಕಾ, ನನ್ನ ಅಪ್ಪನ ತಮ್ಮ, ಇದಕ್ಕೆ ಔಷಧ ಹೊಡೆಯಬೇಕೆನ್ನುತ್ತಿದ್ದ. ಒಂದು ಹಂಗಾಮಿಗೆ ಹೊಡೆದೂ ಇದ್ದ. ಮನೆಯೆಲ್ಲ ಘಾಟು, ಅನ್ನದ ಅಗುಳಿನಲ್ಲೂ ಅದೇ ವಾಸನೆ. ಗಿಡದ ಬುಡದ ಹುಲ್ಲು ಮೇಯ್ದ ನಮ್ಮ ಕೆಂದ ಆಕಳ ಕರು ಬಾಯಲ್ಲಿ ನೊರೆ ತೆಗೆದು ಸತ್ತುಹೋಯಿತು. ಔಷಧದಿಂದಲೇ ಸತ್ತಿತೋ ಬೇರೆಯದರಿಂದಲೋ ಹೇಳುವವರಿರಲಿಲ್ಲ, ಆದರೆ ಅಜ್ಜ ಆಮೇಲೆ ಬಾವಿಯ ನೀರು ಕುಡಿಯಲು ಅಂಜತೊಡಗಿದ. ಇನ್ನು ಮುಂದೆ ಬಾಟಲಿ ಈ ತೋಟಕ್ಕೆ ಬರಕೂಡದು ಎಂದ. ಕಾಕಾ ಎದುರು ಮಾತಾಡಲಿಲ್ಲ. ಆದರೂ ಸ್ವಲ್ಪ ದಿನಗಳಲ್ಲೇ ಹೊಸ ಬಾಟಲಿಯೊಂದು ಕಾಗದ ಸುತ್ತಿಕೊಂಡು ಬಂದು ಅಡುಗೆಮನೆಯ ಅಟ್ಟದ ಮೂಲೆಯಲ್ಲಿ ಕೂತಿತು. ಅದು ಅಲ್ಲಿದೆಯೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಅದರ ಮಾತೆತ್ತುತ್ತಿರಲಿಲ್ಲ. ಅವ್ವ ಅದರ ಕೆಳಗೆ ನೀರಿನ ಕೊಡ ಇಡುವುದನ್ನು ಬಿಟ್ಟಳು. ಆಯಿ ದಿನಕ್ಕೊಮ್ಮೆ ಕತ್ತೆತ್ತಿ, ಅದು ಜಾಗ ಬದಲಿಸಿದೆಯೋ ಎಂದು ನೋಡುತ್ತಿದ್ದಳು.

ಬಾಟಲಿ ಹೀಗೆ ಅಟ್ಟದಲ್ಲಿ ಕೂತಿರುವಾಗಲೇ ಕಾಕಾನ ಮದುವೆಯಾಯಿತು. ಕಸ್ತೂರಿ ಚಿಗವ್ವ ಕಟಕೋಳದಿಂದ ಬಂದಳು. ಅವಳಿಗೆ ನಡೆಯಲು ಬರುತ್ತಿರಲಿಲ್ಲ, ಓಡುವುದೇ. ನಗುವಾಗ ಬಾಯಿ ಮುಚ್ಚಿಕೊಳ್ಳುತ್ತಿರಲಿಲ್ಲ. ಇಷ್ಟು ನಗುವವರ ಹೊಟ್ಟೆಯಲ್ಲಿ ಏನೋ ಇರುತ್ತದೆ ಎಂದು ಆಯಿ ಮೊದಲ ವಾರವೇ ತೀರ್ಮಾನಿಸಿದ್ದಳು. ನನಗಂತೂ ಅವಳು ಗೆಳತಿಯಂತೆ ಆದಳು. ಒಂದು ಬೆಳಿಗ್ಗೆ ನಾನು ಮೊಗ್ಗಿನ ಮೇಲೆ ಕೂತ ಪಾತರಗಿತ್ತಿಯನ್ನು ನೋಡುತ್ತ ನಿಂತಿದ್ದೆ. ನೇರಳೆ ಬಣ್ಣ, ರೆಕ್ಕೆ ಮಿರಮಿರ ಮಿಂಚುತ್ತಿತ್ತು. ಚಿಗವ್ವ ಹಿಂದಿನಿಂದ ಬಂದು ನನ್ನ ಭುಜ ಹಿಡಿದಳು.

"ಚಂದ ಐತಲ್ಲ ಶೈಲಿ?"

"ಹೂಂ ಚಿಗವ್ವ."

"ಇದ ನಿಮ್ಮ ಹಣ್ಣಿನ ಕಳ್ಳಿ. ಅಲ್ಲಿ ನೋಡು, ಬಾಲಾ ಬಗ್ಗಿಸಿ ತತ್ತಿ ಇಡಾಕತ್ತೈತಿ. ಆ ತತ್ತಿ ಒಡದ ಹುಳಾ ಕಾಯಿ ಒಳಗ ಹೊಕ್ಕೈತಿ. ಇದನ್ನ ಕಾಯಿಗೆ ಮುಟ್ಟಗೊಡಲಿಲ್ಲಂದ್ರ ಹುಳಾ ಎಲ್ಲಿಂದ ಬರತೈತಿ?"

ಅದೇ ದಿನ ಊಟದ ಹೊತ್ತಿಗೆ ಅವಳು ಸೆರಗು ಸರಿಮಾಡಿಕೊಂಡು ಅಜ್ಜನ ಮುಂದೆ ಈ ಮಾತು ತೆಗೆದಳು. ತನ್ನ ತವರಿನಲ್ಲಿ ಕಾಯಿ ನಿಂಬೆಯಷ್ಟಾಗುವ ಮೊದಲೇ ಹಳೆಯ ಅರಿವೆಯ ಸಣ್ಣ ಚೀಲ ಕಟ್ಟುತ್ತಾರೆ. ಉದುರಿದ ತೂತಿನ ಕಾಯಿಯನ್ನು ಗಿಡದ ಬುಡದಲ್ಲಿ ಬಿಡುವುದಿಲ್ಲ, ಆಳದ ಕುಣಿಯಲ್ಲಿ ಹೂಳುತ್ತಾರೆ. ಬೇವಿನ ಬೀಜ ಕುಟ್ಟಿ ನೆನೆಹಾಕಿ ಸೋಸಿ ಗಿಡಕ್ಕೆ ಎರಚುತ್ತಾರೆ. ಕಾಕಾ ರೊಟ್ಟಿ ಮುರಿಯುವುದನ್ನು ಬಿಟ್ಟು ನಕ್ಕ.

"ಗಿಡಕ್ಕ ಕುಪ್ಪಸ ಹೊಲಸೂನು ಅಂತೀ?"

"ನಕ್ಕೊಳ್ರಿ ನಕ್ಕೊಳ್ರಿ. ನಮ್ಮಪ್ಪನ ಗಿಡದಾಗ ತೂತಿನ ಹಣ್ಣ ಹುಡುಕಿ ತೋರಸ್ರಿ, ಆಮ್ಯಾಲ ಮಾತಾಡೂನು."

ಒಲೆಯ ಮುಂದಿನಿಂದ ಆಯಿಯ ದನಿ ಬಂತು. "ಕಟಕೋಳದಾಗ ಹಣ್ಣಿಗೆ ಅರಬಿ ಉಡಸ್ತಾರಂತ! ಬರಿಗೈಲೆ ಕಳಿಸಿದ ಮಗಳಿಗೆ ಒಂದ ಸೀರಿ ಹೆಚ್ಚಿಗಿ ಉಡಿಸಿದ್ರ ಆಗತಿರಲಿಲ್ಲೇನ?"

ಚಿಗವ್ವನ ಮುಖ ಕೆಂಪಾಯಿತು. ಅಜ್ಜ ಮಜ್ಜಿಗೆ ಕುಡಿದು ಮುಗಿಸಿದ. ಆಮೇಲೆ ಅವನು ಹೇಳಿದ, ಈ ಹಂಗಾಮು ಸೊಸೆ ಹೇಳಿದಂತೆ ಆಗಲಿ. ಹಣ್ಣಿಗೆ ಹುಳ ಹಿಡಿದರೆ ಬರುವ ಹಂಗಾಮಿಗೆ ಬಸು ಹೇಳಿದಂತೆ. ತಾನು ಅಡ್ಡ ಬರುವುದಿಲ್ಲ. ಕಾಕಾ ಅಟ್ಟದ ಕಡೆ ನೋಡಿದ. ಅವನು ನೋಡಿದ್ದನ್ನು ಚಿಗವ್ವ ನೋಡಿದಳು. ಚಿಗವ್ವ ನೋಡಿದ್ದನ್ನು ಆಯಿ ನೋಡಿದಳು. ನಮ್ಮ ಮನೆಯಲ್ಲಿ ಊಟಗಳು ಹೀಗೆಯೇ ಮುಗಿಯುತ್ತಿದ್ದವು.

ಮರುದಿನದಿಂದ ಪಡಸಾಲೆಯಲ್ಲಿ ಹರಕು ಅರಿವೆಗಳ ರಾಶಿ ಬಿತ್ತು. ಅವ್ವನ ಸವೆದ ಸೀರೆ, ಅಜ್ಜನ ಧೋತರ, ಅಪ್ಪನ ಕಾಲರ್ ಹರಿದ ಅಂಗಿಗಳು, ನನ್ನ ಗಿಡ್ಡವಾದ ಲಂಗ. ಅವ್ವ ಮತ್ತು ಚಿಗವ್ವ ಎದುರು ಬದುರು ಕೂತು ಕೈಹೊಲಿಗೆ ಹಾಕುತ್ತಿದ್ದರು, ನಾನು ಚೀಲದ ಬಾಯಿಗೆ ದಾರ ಪೋಣಿಸುತ್ತಿದ್ದೆ. ತಯಾರಾದ ಚೀಲ ಮುದುಕಿಯರು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಎಲೆಅಡಿಕೆಯ ಸಂಚಿಯ ಹಾಗೆಯೇ ಕಂಡಿತು, ನಾನು ಅದನ್ನು ಸಂಚಿ ಎಂದು ಕರೆದೆ, ಹೆಸರು ಉಳಿಯಿತು. ಆಯಿಗೆ ಮಾತ್ರ, ಹೊಸ ಸೊಸೆ ತನ್ನ ಸಂಚಿಯನ್ನು ಅಣಕಿಸಲೆಂದೇ ಈ ಆಕಾರ ಹೊಲಿದಿದ್ದಾಳೆ ಎಂಬ ಗುಮಾನಿ. ಅವಳು ಒಂದು ಚೂರು ಅರಿವೆಯನ್ನೂ ಕೊಡಲಿಲ್ಲ. ಅವಳ ಹಳೆಯ ಇಳಕಲ್ ಸೀರೆ, ಉಟ್ಟು ಉಟ್ಟು ಬಲೆಯಂತೆ ಜಾಳಾಗಿ, ಪೆಟ್ಟಿಗೆಯ ತಳದಲ್ಲಿತ್ತು. ಅವ್ವ ಅದನ್ನು ಕೇಳಿದ್ದಕ್ಕೆ, "ನಾ ಇನ್ನೂ ಜೀವಂತ ಅದೇನಿ" ಎಂದುಬಿಟ್ಟಳು.

ಬೇವಿನ ಬೀಜ ನೆನೆಹಾಕಿದ್ದು ಇನ್ನೊಂದು ಜಗಳ. ಚಹಾ ಸೋಸುವ ಅರಿವೆಯಲ್ಲಿ ಚಿಗವ್ವ ಅದನ್ನು ಸೋಸಿಬಿಟ್ಟಿದ್ದಳು. ಆ ದಿನ ಇಡೀ ಮನೆ ಕಹಿ ಚಹಾ ಕುಡಿಯಿತು, ತನಗೆ ವಿಷ ಹಾಕುವ ಮೊದಲು ಸೊಸೆ ಹೀಗೆ ಪರೀಕ್ಷೆ ಮಾಡುತ್ತಿದ್ದಾಳೆ ಎಂದು ಆಯಿ ಬಟ್ಟಲನ್ನು ಅಂಗಳಕ್ಕೆ ಚೆಲ್ಲಿದಳು. ಆದರೂ ಕೆಲಸ ನಡೆಯಿತು. ಚಿಗವ್ವ ಪ್ರತಿ ಕಾಯಿಯ ಮುಕುಟದಲ್ಲಿ ಒಣಗಿದ ಎಸಳು ತೆಗೆದು, ಬೆರಳಿನಿಂದ ಒರೆಸಿ, ತತ್ತಿ ಇಲ್ಲವೆಂದು ನೋಡಿ ಸಂಚಿ ತೊಡಿಸುತ್ತಿದ್ದಳು. ಹೊಲಿಗೆ ಒಳಮಗ್ಗುಲಿಗೆ, ದಾರ ತೊಟ್ಟಿಗೆ, ಗಂಟು ಮಾತ್ರ ಲಂಗದ ಲಾಡಿಗೆ ಹಾಕುವಂಥದ್ದು. ಒಂದು ತುದಿ ಜಗ್ಗಿದರೆ ಸರ್ರನೆ ಬಿಚ್ಚಬೇಕು, ಹಣ್ಣು ಇಳಿಸುವಾಗ ಒದ್ದಾಟ ಬೇಡ ಎಂದಳು. ನಾನೂ ಕಲಿತೆ. ಬಿಸಿಲು ಏರಿದಂತೆ ತೋಟದ ತುಂಬ ನಮ್ಮ ಮನೆಯವರೆಲ್ಲ ತೂಗುತ್ತಿದ್ದೆವು. ಇಲ್ಲಿ ಅಪ್ಪನ ಗೀರು ಗೀರಿನ ಅಂಗಿ, ಅಲ್ಲಿ ಅವ್ವನ ಹಸಿರು ಸೀರೆ, ತುದಿಯ ಟೊಂಗೆಯಲ್ಲಿ ನನ್ನ ಸಾಲೆಯ ಲಂಗ. ಪಾತರಗಿತ್ತಿ ಬಂದು ಸಂಚಿಯ ಮೇಲೆ ಕೂತು, ಅತ್ತಿತ್ತ ಸರಿದಾಡಿ, ಎದ್ದು ಹೋಗುತ್ತಿತ್ತು. ಅದನ್ನು ನೋಡಿ ಚಿಗವ್ವ ಚಪ್ಪಾಳೆ ತಟ್ಟುತ್ತಿದ್ದಳು.

ಕಾಯಿ ಬಲಿಯುವ ಹೊತ್ತಿಗೆ ಅವಳ ನಗು ನಿಂತಿತು. ನನಗೆ ಕಾರಣ ಗೊತ್ತಾಗಲಿಲ್ಲ. ಒಂದು ಮಧ್ಯಾಹ್ನ ಅವಳು ನನ್ನನ್ನು ಗಿಡದ ಹತ್ತಿರ ಕರೆದುಕೊಂಡು ಹೋಗಿ ಒಂದು ಸಂಚಿ ತೋರಿಸಿದಳು. ಅದರ ಹೊಲಿಗೆ ಹೊರಮಗ್ಗುಲಿಗೆ ಇತ್ತು.

"ಹಿಂಗ ನೀ ಕಟ್ಟಿಯೇನ?"

"ಇಲ್ಲ ಚಿಗವ್ವ. ನಾ ಬರೇ ಕೆಳಗಿನ ಟೊಂಗಿವು ಕಟ್ಟೇನಿ."

"ನಾನೂ ಕಟ್ಟಿಲ್ಲ. ಯಾರೋ ಬಿಚ್ಚಿ ತಿರುಗಿ ಹಾಕ್ಯಾರ." ಅವಳು ಸುತ್ತಲೂ ನೋಡಿ ದನಿ ಇಳಿಸಿದಳು. "ಈ ಕಡೆ ಮಧ್ಯಾಹ್ನದಾಗ ಯಾರರ ಬಂದದ್ದು ನೋಡೀಯೇನ?"

ನಾನು ನೋಡಿದ್ದೆ. ಬಸು ಕಾಕಾ ಊಟವಾದ ಮೇಲೆ ಬಾವಿಯ ಹಿಂದಿನ ಗಿಡಗಳ ಸಾಲಿಗೆ ಹೋಗಿ, ಕೆಲ ಹೊತ್ತಿನ ಮೇಲೆ ಅತ್ತಿತ್ತ ನೋಡುತ್ತ ಬರುತ್ತಿದ್ದ. ಹಾಗೆಂದು ಹೇಳಿದೆ. ಚಿಗವ್ವ ಸಂಚಿಯನ್ನು ಬಿಚ್ಚಿ ನೋಡಲು ಹೋದಳು, ಗಂಟು ಬಿಚ್ಚಲಿಲ್ಲ. ದಾರ ತೊಟ್ಟಿನಲ್ಲಿ ಹೂತುಹೋಗುವಷ್ಟು ಬಿಗಿಯಾಗಿತ್ತು. ಹೆಚ್ಚು ಜಗ್ಗಿದರೆ ತೊಟ್ಟೇ ಮುರಿದೀತು ಎಂದು ಕೈ ಬಿಟ್ಟಳು. ಇದು ಗಂಡಸರ ಕೈ ಎಂದು ಆಗಲೇ ಅನ್ನಿಸಿತ್ತು ಎಂದು ಎಷ್ಟೋ ವರ್ಷಗಳ ಮೇಲೆ, ನಾನು ಎರಡು ಮಕ್ಕಳ ತಾಯಿಯಾದ ಮೇಲೆ, ಅವಳು ನನಗೆ ಹೇಳಿದಳು. ಬೇರೆ ಯಾರ ಕೈಯೂ ಅವಳ ಕಣ್ಣ ಮುಂದೆ ಬರಲಿಲ್ಲ. ಅನುಮಾನ ಅಷ್ಟರಲ್ಲೇ ಒಂದು ಮುಖ ಆರಿಸಿಕೊಂಡು ಕೂತಿತ್ತು.

ಅಂದಿನಿಂದ ಮನೆಯಲ್ಲಿ ಹೊಸ ಗಾಳಿ. ಚಿಗವ್ವ ಕಾಕಾನಿಗೆ ರೊಟ್ಟಿ ಹಾಕುವಾಗ ಗಂಗಾಳದ ಅಂಚಿಗೆ ಹಾಕಿ, ಬೇರೆ ಕಡೆ ನೋಡುತ್ತಿದ್ದಳು. ಅವನ ಪಲ್ಯಕ್ಕೆ ಮಾತ್ರ ಉಪ್ಪು ಹೇಗೆ ಕಡಿಮೆ ಬೀಳುತ್ತಿತ್ತೋ ಒಲೆಗೇ ಗೊತ್ತು. ಕಾಕಾ ಮೊದಲು ಚೇಷ್ಟೆ ಮಾಡಿದ, ಆಮೇಲೆ ಸಿಟ್ಟಾದ, ಕೊನೆಗೆ ಅವನಿಗೂ ಸಂಶಯ ಹತ್ತಿತು. ಇವಳಿಗೆ ನಮ್ಮ ಮನೆ ಒಗ್ಗಿಲ್ಲ, ತವರಿಗೆ ಓಡಲು ನೆವ ಹುಡುಕುತ್ತಿದ್ದಾಳೆ ಎಂದು ಅವ್ವನ ಹತ್ತಿರ ಹೇಳಿದ. ಅವ್ವ ಅದನ್ನು ಮೆಲ್ಲಗೆ ಚಿಗವ್ವನಿಗೆ ದಾಟಿಸಿದಳು, ಕೂಡಿಸುವ ಆಸೆಯಿಂದ. ಬೆಂಕಿಗೆ ಎಣ್ಣೆ ಬಿತ್ತು.

"ಹಂಗಂದ್ರ? ಚಲೋ ಆತು ಅಕ್ಕ. ಪಂಚಮಿಗೆ ನಮ್ಮಣ್ಣ ಕರೀಲಿಕ್ಕೆ ಬರತಾನಲ್ಲ, ಹೋಗತೇನಿ. ತಿರುಗಿ ಬರೂದ ಆಮ್ಯಾಲ ನೋಡೂನು. ನನ್ನ ಮಾತ ಸುಳ್ಳ ಮಾಡಾಕಂತ ಕಳ್ಳನಂಗ ಅಡ್ಡಾಡೂ ಮನಷ್ಯಾನ ಜೋಡಿ ಹೆಂಗ ಬಾಳೇವು ಮಾಡಲಿ?"

"ಯಾರಬೇ ಕಳ್ಳ?"

"ಬ್ಯಾಡ ಬಿಡ್ರಿ. ಹಣ್ಣ ಇಳಿಸಿದ ದಿನಾನ ಗೊತ್ತಾಕ್ಕೈತಿ."

ಅವಳ ಟ್ರಂಕು ಮಂಚದ ಕೆಳಗಿನಿಂದ ಹೊರಗೆ ಬಂದು ಗೋಡೆಗೆ ಒರಗಿ ಕೂತಿತು. ದಿನ ಕಳೆದಂತೆ ಅದರೊಳಗೆ ಒಂದೊಂದೇ ಸೀರೆ ಹೋಗುತ್ತಿತ್ತು. ಪಂಚಮಿ ಹಬ್ಬಕ್ಕೆ ತವರಿಗೆ ಹೋಗುವ ಹೆಣ್ಣುಮಗಳು ಅಷ್ಟೂ ಸೀರೆ ಒಯ್ಯುವುದಿಲ್ಲ. ಆಯಿ ಆ ದಿನಗಳಲ್ಲಿ ಬಹಳ ಶಾಂತಳಾಗಿದ್ದಳು. ನಾವೆಲ್ಲ ಊಟವಾಗಿ ಅಡ್ಡಾದಾಗ ಅವಳು ಮಾತ್ರ ಕೋಲೂರಿಕೊಂಡು ಆಕಳಿಗೆ ಮೇವು ಹಾಕಲು ಹೋಗುತ್ತಿದ್ದಳು. ಅವಳ ಮೇಲೆ ಯಾರಿಗೂ ಸಂಶಯ ಬರುವ ಮಾತೇ ಇರಲಿಲ್ಲ. ಸಂಶಯಪಡುವುದು ಅವಳ ಕೆಲಸವಾಗಿತ್ತಲ್ಲ.

ಹಣ್ಣು ಇಳಿಸುವ ದಿನ ಬಂತು. ಮರುದಿನ ಯರಗಟ್ಟಿಯ ವ್ಯಾಪಾರಿ ಗಾಡಿ ತರುವವನಿದ್ದ. ಕಾಕಾ ಹಣ್ಣನ್ನು ಸಂಚಿ ಸಮೇತ ತೊಟ್ಟು ಕತ್ತರಿಸಿ ಬುಟ್ಟಿಗೆ ಹಾಕುತ್ತಿದ್ದ, ಬುಟ್ಟಿಗಳು ಪಡಸಾಲೆಗೆ ಬರುತ್ತಿದ್ದವು. ಅಜ್ಜ ಕಂಬಕ್ಕೊರಗಿ ಕೂತ, ಆಯಿ ಅವನ ಎದುರಿಗೆ. ಚಿಗವ್ವ, ಅವ್ವ, ನಾನು ಲಾಡಿ ಗಂಟು ಜಗ್ಗಿ ಜಗ್ಗಿ ಸಂಚಿ ಬಿಚ್ಚಿದೆವು. ಒಂದೊಂದು ಹಣ್ಣೂ ಹೊರಗೆ ಬಂದಾಗ ಪಡಸಾಲೆಗೆ ದೀಪ ಹಚ್ಚಿದಂತೆ ಆಗುತ್ತಿತ್ತು. ಮೈಮೇಲೆ ಒಂದು ಕಲೆಯಿಲ್ಲ, ಗೀರಿಲ್ಲ. ಅಜ್ಜ ಒಂದನ್ನು ಕೈಯಲ್ಲಿ ತಿರುಗಿಸುತ್ತ, ತಿರುಗಿಸುತ್ತಲೇ ಇದ್ದ. ಆಯಿ ಒಂದನ್ನು ಮೂಸಿದಳು, ಒತ್ತಿದಳು, ಈಳಿಗೆಯ ಮೇಲೆ ಸೀಳಿದಳು. ಕಾಳು ಕೆಂಪಗೆ ಹೊಳೆದವು. ಅವಳು ಇನ್ನೊಂದನ್ನು ತೆಗೆದುಕೊಂಡಳು.

ಆಮೇಲೆ ಬಾವಿಯ ಹಿಂದಿನ ಸಾಲಿನ ಬುಟ್ಟಿ ಬಂತು. ಮೊದಲು ಬಂದದ್ದು ವಾಸನೆ. ಹೊಲಿಗೆ ಹೊರಗಾದ ಸಂಚಿಗಳು ಅದರಲ್ಲಿ ಕಂಡವು, ಕೆಲವುಗಳ ಅರಿವೆಯ ಮೇಲೆ ಕಂದು ರಸ ಜಿನುಗಿತ್ತು. ನಾನು ಒಂದರ ದಾರ ಜಗ್ಗಿದೆ, ಬರಲಿಲ್ಲ. ಅವ್ವ ಇನ್ನೊಂದನ್ನು ಜಗ್ಗಿದಳು, ಬರಲಿಲ್ಲ. ನಾವು ಅವನ್ನು ಬಿಚ್ಚದೆ ಬದಿಗೆ ಇಡುತ್ತ ಹೋದೆವು. ಗುಂಪು ದೊಡ್ಡದಾಯಿತು.

"ಕಂಡ್ರಿಲ್ಲೊ?" ಆಯಿ ಗಂಡನ ಕಡೆ ತಿರುಗಿದಳು. "ಮುಚ್ಚಿಟ್ಟಲ್ಲೇ ಹುಳಾ ಹುಟ್ಟತೈತಂತ ನಾ ಬಾಯಿ ಬಡಕೊಂಡೆ. ಅರಬಿ ಒಳಗ ಕುದ್ದ ಕೊಳತ ಹೋಗ್ಯಾವು. ಮನಿ ಅರಬಿ ಹೋತು, ಹಣ್ಣೂ ಹೋತು."

ಕಾಕಾ ಬಾಗಿಲಲ್ಲಿ ನಿಂತು ಬೆವರು ಒರೆಸಿಕೊಳ್ಳುತ್ತಿದ್ದ. ಅವನ ಕಣ್ಣು ತನ್ನಷ್ಟಕ್ಕೆ ಅಟ್ಟದ ಕಡೆ ಹೋಯಿತು. ಅದು ಚಿಗವ್ವನಿಗೆ ಸಾಕಾಯಿತು. ಅವಳು ಎದ್ದು ನಿಂತಳು.

"ಕುದ್ದ ಕೊಳತಿಲ್ರಿ ಅತ್ತಿ. ಯಾರೋ ಬಿಚ್ಯಾರ. ಹಗಲೊತ್ತಿನ್ಯಾಗ ಬಿಚ್ಚಿ ಪಾತರಗಿತ್ತಿ ಒಳಗ ಬಿಟ್ಟಾರ. ಯಾರ ಕೈಯಂತನೂ ನನಗ ಗೊತ್ತೈತಿ."

"ಯಾರದ ಕೈ?" ಎಂದ ಕಾಕಾ.

"ದಿನಾ ಮಧ್ಯಾಹ್ನ ಬಾವಿ ಹಿಂದ ಹೋಗೂ ಕೈ. ಬ್ಯಾರೇದವ್ರು ಯಾರ ಹೋಗತಾರ ಅಲ್ಲಿ?"

ಕಾಕಾನ ಮುಖ ಸೀದುಹೋದ ರೊಟ್ಟಿಯಂತಾಯಿತು. ಅವನು ತಂದೆಯ ಕಡೆ ನೋಡಿದ, ನೆಲ ನೋಡಿದ, ಕೊನೆಗೆ ಹೇಳಿದ:

"ಬೀಡಿ ಸೇದಾಕ ಹೊಕ್ಕೇನಿ ಮಾರಾಯ್ತಿ. ಅಪ್ಪನ ಮುಂದ ಇದನ್ನೂ ಹೇಳಸಿದಿ."

"ಬೀಡಿ?" ಎಂದ ಅಜ್ಜ. ಅವನ ಹುಬ್ಬು ಮೇಲೆ ಹೋದವು. ಮದುವೆಯಾದ ಮಗ ತಂದೆಯ ಕಣ್ಣು ತಪ್ಪಿಸಿ ಗಿಡದ ಮರೆಯಲ್ಲಿ ಕೂತು ಬೀಡಿ ಸೇದುವುದು ಆ ಕಾಲಕ್ಕೆ ಸಣ್ಣ ಮಾತಾಗಿರಲಿಲ್ಲ. "ಆತು. ಬೀಡಿದ ಆಮ್ಯಾಲ ಮಾತಾಡೂನು. ಕಸ್ತೂರಿ, ಒಂದ ಸಂಚಿ ಬಿಚ್ಚವಾ. ಒಳಗ ಏನಾಗೇತಿ ನೋಡೂನು. ಕುದ್ದೈತೊ, ಹುಳಾ ತಿಂದೈತೊ."

ಚಿಗವ್ವ ಒಂದು ಸಂಚಿ ಎತ್ತಿಕೊಂಡಳು. ಅಜ್ಜನ ಹಳೆಯ ಧೋತರದ್ದು. ಅವಳ ಕಣ್ಣಲ್ಲಿ ನೀರು. ಉಗುರಿನಿಂದ ಕೆದರಿದಳು, ಹಲ್ಲಿನಿಂದ ಜಗ್ಗಿದಳು, ಮತ್ತೆ ಕೆದರಿದಳು. ಪಡಸಾಲೆಯಲ್ಲಿ ಎಲ್ಲರೂ ಅವಳ ಬೆರಳನ್ನೇ ನೋಡುತ್ತಿದ್ದೆವು. ದಾರ ಕತ್ತರಿಸುವ ಮಾತು ಆ ಮನೆಯಲ್ಲಿ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಅವಳಿಗೆ ಸಾಕಾಗಿಹೋಯಿತು. ಮೂಗು ಏರಿಸುತ್ತ, ದಿನಾ ಬೆಳಗ್ಗೆ ಅವ್ವ ಹೇಳುವುದನ್ನು ಕೇಳಿ ಕೇಳಿ ತಾನೂ ಹೇಳಲು ಕಲಿತಿದ್ದ ಮಾತನ್ನೇ, ಯೋಚಿಸದೆ, ಕೈ ಮುಂದೆ ಚಾಚಿ ಹೇಳಿದಳು:

"ಅತ್ತಿ, ಬಿಚ್ಚಿ ಕೊಡ್ರಿ."

ಆಯಿಯೂ ಯೋಚಿಸಲಿಲ್ಲ. ಬೇಳೆ ಗಂಟು ತೆಗೆದುಕೊಳ್ಳುವ ಹಾಗೆಯೇ ತೆಗೆದುಕೊಂಡಳು. ಬೆರಳು ತಾನೇ ಆ ಎಳೆ ಹುಡುಕಿತು, ಉಗುರು ಎತ್ತಿತು, ಹಗುರಾಗಿ ಜಗ್ಗಿತು. ಗಂಟು ಬಾಯಿ ಬಿಟ್ಟಿತು.

ಹಣ್ಣು ಆಯಿಯ ಮಡಿಲಿಗೆ ಜಾರಿ ಬಿತ್ತು. ಪಕ್ಕದಲ್ಲಿ ತೂತು, ತೂತಿನಲ್ಲಿ ಹೇಲಿನ ಬಿರಡೆ. ಅವಳು ಬಿಚ್ಚಿದ ದಾರವನ್ನು ಎರಡು ಬೆರಳಲ್ಲಿ ಹಿಡಿದುಕೊಂಡೇ ಇದ್ದಳು, ಅದನ್ನು ಎಲ್ಲಿ ಇಡಬೇಕೆಂದು ತಿಳಿಯದೆ. ಮೊದಲು ಅವ್ವನಿಗೆ ತಿಳಿಯಿತು, ಅವಳು ಬಾಯಿಗೆ ಸೆರಗು ಒತ್ತಿದಳು. ಆಮೇಲೆ ಅಜ್ಜನಿಗೆ. ಎಲ್ಲರಿಗಿಂತ ಕಡೆಗೆ ಚಿಗವ್ವನಿಗೆ. ಬಿಚ್ಚಿ ಕೊಡ್ರಿ ಎಂದಾಗ ತನಗೆ ಏನೂ ಹೊಳೆದಿರಲಿಲ್ಲ, ಅದು ಬರೀ ಬಾಯಿಯ ರೂಢಿ ಎಂದು ಅವಳು ಇಂದಿಗೂ ಹೇಳುತ್ತಾಳೆ.

"ಗಾಳಿ ಆಡಲಿ ಅಂತ," ಎಂದಳು ಆಯಿ. ದನಿ ಬಹಳ ಸಣ್ಣದಾಗಿತ್ತು. "ಒಳಗ ಏನ ನಡದೈತಿ ಅಂತ ಹೆಂಗ ತಿಳೀತೈತಿ? ದಿನಾ ಸ್ವಲ್ಪ ಹೊತ್ತು ಬಿಚ್ಚಿ, ನೋಡಿ, ಗಾಳಿ ಆಡಿಸಿ ಕಟ್ಟತಿದ್ದೆ. ಬ್ಯಾಳಿಗೆ ಮಾಡೂದಿಲ್ಲೇನ ಹಂಗ? ಹಣ್ಣ ಉಳೀಲಿ ಅಂತ ಮಾಡಿದೆ."

"ನೀ ಬಾಗಲಾ ತಗದಿ," ಎಂದ ಅಜ್ಜ ಮೆತ್ತಗೆ. "ಕಳ್ಳಿ ಒಳಗ ಬಂದ್ಲು. ಆಮ್ಯಾಲ ನೀ ಹೊರಗಿಂದ ಕೀಲಿ ಹಾಕಿದಿ."

ಕಾಕಾ ಬಾಗಿಲ ಚೌಕಟ್ಟಿಗೆ ಒರಗಿ, ಯಾರಿಗೂ ಅಲ್ಲದಂತೆ ಎಲ್ಲರಿಗೂ ಕೇಳುವಂತೆ ಹೇಳಿದ. "ಇಷ್ಟ ದಿನಾ ಉಪ್ಪಿಲ್ಲದ ಪಲ್ಯ ತಿಂದವ ನಾನು." ಚಿಗವ್ವ ಅತ್ತ ಕಣ್ಣಿನಲ್ಲೇ ನಕ್ಕುಬಿಟ್ಟಳು. ಆ ನಗುವಿನಲ್ಲಿ ಆಯಿಯೊಬ್ಬಳೇ ಸೇರಲಿಲ್ಲ. ಕೋಲೂರಿ ಎದ್ದು ನಡುಮನೆಯ ಕತ್ತಲಿಗೆ ಹೋಗಿ ತನ್ನ ಗಂಟುಗಳ ನಡುವೆ ಕೂತಳು. ಕರೆದರೂ ಹೊರಗೆ ಬರಲಿಲ್ಲ. ಗಿಡದ ಮೇಲೆ ಉಳಿದ ಸಂಚಿಗಳು ಒಳ್ಳೆಯವೇ ಇದ್ದವು. ವ್ಯಾಪಾರಿಯ ಗಾಡಿ ತುಂಬಿ ಹೋಯಿತು. ಕಾಕಾ ಅಟ್ಟದಿಂದ ಬಾಟಲಿ ಇಳಿಸಿ, ಕಾಗದ ಸುತ್ತಿದ ಹಾಗೆಯೇ ತಂದ ಅಂಗಡಿಗೆ ತಿರುಗಿ ಕೊಟ್ಟು ಬಂದ. ಆದರೆ ಚಿಗವ್ವನ ಟ್ರಂಕು ಗೋಡೆಗೆ ಒರಗಿಕೊಂಡೇ ಇತ್ತು. ಗಂಡನ ಮೇಲಿನ ಸಂಶಯ ಹೋದರೂ, ತನ್ನನ್ನು ಎಂದೂ ನಂಬದ ಮನೆಗೆ ತಿರುಗಿ ಬರುವುದೋ ಬೇಡವೋ ಎಂಬುದು ಅವಳೊಳಗೆ ಇತ್ಯರ್ಥವಾಗಿರಲಿಲ್ಲ. ಆಯಿಗೂ ಅವಳಿಗೂ ಮಾತಿರಲಿಲ್ಲ.

ಪಂಚಮಿಗೆ ಚಿಗವ್ವನ ಅಣ್ಣ ಬಂದು ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕೂತಾಗ, ಆಯಿ ನಡುಮನೆಯಿಂದ ನನ್ನನ್ನು ಕರೆದಳು. ಅವಳ ಮುಂದೆ ಎಳ್ಳುಂಡಿ, ಶೇಂಗಾದುಂಡಿ, ರವೆಯುಂಡಿಗಳನ್ನು ಇಟ್ಟ ಒಂದು ಅರಿವೆ ಹರಡಿತ್ತು. ಬೀಗರ ಮನೆಗೆ ಕಳಿಸುವ ಬುತ್ತಿ. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಆ ಅರಿವೆ ಯಾವುದೆಂದು ತಿಳಿಯಿತು. ಅವಳ ಇಳಕಲ್ ಸೀರೆ.

"ಶೈಲಿ, ಆ ನಿಮ್ಮ ಲಾಡಿ ಗಂಟ ಐತಲ್ಲ, ಹೆಂಗ ಹಾಕೂದು ತೋರಸು. ಯಾರಿಗೂ ಹೇಳಬ್ಯಾಡ."

ನಾನು ತೋರಿಸಿದೆ. ಅವಳ ಬೆರಳು ಮತ್ತೆ ಮತ್ತೆ ಹಳೆಯ ದಾರಿಗೇ ಹೋಗುತ್ತಿದ್ದವು, ತುದಿ ಹಲ್ಲಿಗೆ ಹೋಗುತ್ತಿತ್ತು. ನಾನು ಕೈ ಹಿಡಿದು ಇಳಿಸುತ್ತಿದ್ದೆ. ಕೊನೆಗೆ ಒಂದು ಸೊಟ್ಟ ಗಂಟು ಬಿತ್ತು. ಅವಳು ಅದರ ತುದಿ ಜಗ್ಗಿ, ಬಿಚ್ಚುತ್ತದೆ ಎಂದು ನೋಡಿ, ಮತ್ತೆ ಕಟ್ಟಿದಳು. ಆಮೇಲೆ ಅದನ್ನು ತಾನೇ ಎತ್ತಿಕೊಂಡು ಪಡಸಾಲೆಗೆ ಹೋಗಿ ಚಿಗವ್ವನ ಮುಂದೆ ಹಿಡಿದಳು.

"ತಗೋ. ಬಿಚ್ಚಾಕ ನನ್ನ ಕರಿಯೂದ ಬ್ಯಾಡ."

ಚಿಗವ್ವ ಗಂಟು ನೋಡಿದಳು, ಬಾಗಿ ಆಯಿಯ ಕಾಲು ಮುಟ್ಟಿದಳು. ಆಯಿ ಒಂದು ಹೆಜ್ಜೆ ಹಿಂದೆ ಸರಿದಳು.

"ಉಂಡಿ ಅಲ್ಲೇ ತಿನ್ರಿ. ಅರಬಿ ಮಾತ್ರ ಅಲ್ಲೇ ಇಟ್ಟ ಬರಬ್ಯಾಡ, ತಿರುಗಿ ತರಬೇಕ ನೋಡು. ಜಾಳ ಐತಿ ಅದು. ಬಿಚ್ಚಲಾರದನ ಒಳಗಿನ ಹಣ್ಣ ಕಾಣತೈತಿ. ಬರೂ ಹಂಗಾಮಿಗೆ ಸಂಚಿಗೆ ಚಲೋ ಆಕ್ಕೈತಿ."

ಚಿಗವ್ವ ಟ್ರಂಕು ಅಲ್ಲೇ ಬಿಟ್ಟು, ಬುತ್ತಿಯ ಗಂಟನ್ನೂ ಒಂದು ಕೈಚೀಲವನ್ನೂ ಹಿಡಿದುಕೊಂಡು ಅಣ್ಣನ ಹಿಂದೆ ರಸ್ತೆಗೆ ನಡೆದಳು.

ಪಂಚಮಿಗೆ ಕಟ್ಟಿದ ಜೋಕಾಲಿ ಬಿಚ್ಚುವ ಹೊತ್ತಿಗೆ ಅವಳು ತಿರುಗಿ ಬಂದಳು. ಇಳಕಲ್ ಸೀರೆಯನ್ನು ಒಗೆದು, ಒಣಗಿಸಿ, ಅಂಚಿಗೆ ಅಂಚು ಕೂಡಿಸಿ ಮಡಿಸಿ ತಂದಿದ್ದಳು. ಆಯಿ ಅದನ್ನು ಇಸಿದುಕೊಂಡು ಅಂಗಳಕ್ಕೆ ಹೋದಳು. ಮಡಿಕೆ ಬಿಚ್ಚಿ, ಮೂಸಿ, ಎರಡೂ ಕೈಯಲ್ಲಿ ಎತ್ತಿ ಬಿಸಿಲಿಗೆ ಹಿಡಿದಳು. ಕಟಕೋಳದವರು ಎಲ್ಲಿಯಾದರೂ ತೂತು ಮಾಡಿ ಕಳಿಸಿದ್ದಾರೋ ಎಂದು, ಒಂದು ತುದಿಯಿಂದ ಇನ್ನೊಂದು ತುದಿಯ ತನಕ, ನಿಧಾನವಾಗಿ ನೋಡತೊಡಗಿದಳು.